ಟಯರಿನ ಗುಳ್ಳೆ, ಪವಮಾನನ ಸುಳ್ಳು

ಅಂಗಳದಲ್ಲಿ 'ಕೀಂ' ಎಂಬ ಸದ್ದು ಕೇಳಿದರೆ ಸಾಕು, ಪವಮಾನನ ಹೊಟ್ಟೆಯಲ್ಲಿ ಕಿಚ್ಚು ಹತ್ತುತ್ತಿತ್ತು.

ಆ ಸದ್ದು ಹರಿಪ್ರಿಯಾಳ ಹೊಸ ಕಾರಿನದು. ಸೇಡಂನ ಕಾಲೇಜಿನಲ್ಲಿ ಅವಳು ಕೆಮಿಸ್ಟ್ರಿ ಕಲಿಸುತ್ತಿದ್ದಳು, ಅವನು ಇತಿಹಾಸ. ಅವಳ ತಾಯಿ ಪದ್ಮಾಬಾಯಿಯವರ ಮನೆಯ ಮಹಡಿಯಲ್ಲೇ ಅವನು ಬಾಡಿಗೆಗಿದ್ದ. ಕಾರು ಬರುವವರೆಗೆ ಇಬ್ಬರೂ ಜೊತೆಯಾಗಿ ನಡೆದೇ ಕಾಲೇಜಿಗೆ ಹೋಗುತ್ತಿದ್ದರು. ದಾರಿಯುದ್ದಕ್ಕೂ ಅವಳು ನಗುತ್ತಿದ್ದಳು. ಆ ನಗುವನ್ನು ಎದೆಯಲ್ಲಿಟ್ಟುಕೊಂಡು ಅವನು ಪಾಠ ಮಾಡುತ್ತಿದ್ದ. ಆಡಬೇಕಾದ ಒಂದು ಮಾತನ್ನು ಮಾತ್ರ ನಾಳೆ ನಾಳೆ ಎಂದು ಮುಂದೂಡುತ್ತ ಬಂದಿದ್ದ.

೨೦೦೪ರ ಬೇಸಿಗೆಯಲ್ಲಿ ಕಾರು ಬಂತು. ಕಾರಿನ ಹಿಂದೆಯೇ ಧೀರೇಂದ್ರ ಬಂದ.

ಧೀರೇಂದ್ರ ಪದ್ಮಾಬಾಯಿಯವರ ಅಣ್ಣನ ಮಗ. ಕೋಡ್ಲಾದ ಸಿಮೆಂಟ್ ಫ್ಯಾಕ್ಟರಿಯಲ್ಲಿ ಎಂಜಿನಿಯರ್. ಹರಿಪ್ರಿಯಾಳಿಗೆ ಡ್ರೈವಿಂಗ್ ಕಲಿಸುವ ಹೊಣೆಯನ್ನು ಅವನೇ ಹೊತ್ತುಕೊಂಡ. ಸೋದರಮಾವನ ಮಗ ಬೇರೆ. ಓಣಿಯ ಮಂದಿ ಆಗಲೇ ಒಳಗೊಳಗೆ ಲಗ್ನದ ಮಾತು ಶುರು ಮಾಡಿದ್ದರು.

“ಪವಮಾನ, ನೀನೂ ಹಿಂದ ಕುಂತು ಹೋಗಿ ಬಾರೋ. ಇಬ್ಬರೇ ಹೋದ್ರ ಮಂದಿ ಏನೇನರ ಅಂತಾರ,” ಎಂದರು ಪದ್ಮಾಬಾಯಿ.

ಹೀಗೆ ಪ್ರತಿ ಸಂಜೆ ಪವಮಾನ ಹಿಂದಿನ ಸೀಟಿನಲ್ಲಿ ಕುಳಿತು ತನ್ನ ಹೊಟ್ಟೆಕಿಚ್ಚನ್ನು ಊರೆಲ್ಲ ಸುತ್ತಾಡಿಸಿಕೊಂಡು ಬರುವಂತಾಯಿತು.

“ಈ ಲಿವರ್ ಎತ್ತು, ಸೀಟು ಮ್ಯಾಲ ಬರ್ತದ,” ಎನ್ನುತ್ತ ಧೀರೇಂದ್ರ ಅವಳತ್ತ ವಾಲುತ್ತಿದ್ದ. “ಸ್ಟೇರಿಂಗ್ ಸ್ವಲ್ಪ ಕೆಳಗ ಮಾಡ್ಕೋ. ಹೊರಗಿನ ಕನ್ನಡಿಗೆ ಕೈ ಹಚ್ಚಬ್ಯಾಡ, ಈ ಬಟನ್ ಒತ್ತು, ತಾನಾ ತಿರುಗ್ತದ. ಇದು ಒತ್ತಿದ್ರ ಹಿಂದಿನ ಕಿಟಕಿ ಬಂದ್. ಹಿಂದ ಕುಂತವರು ತೆಗೀಬೇಕಂದ್ರೂ ಬರಂಗಿಲ್ಲ.”

ಅವಳು ಒತ್ತಿದಳು. ಪವಮಾನ ತನ್ನ ಬದಿಯ ಗುಂಡಿಯನ್ನು ಎಷ್ಟು ಅದುಮಿದರೂ ಗಾಜು ಇಳಿಯಲಿಲ್ಲ. ಮುಂದಿನ ಕನ್ನಡಿಯಲ್ಲಿ ಹರಿಪ್ರಿಯಾಳ ಕಣ್ಣು ಅವನನ್ನು ಹುಡುಕಿ ಹಿಡಿದವು.

“ಸರ್, ಯಾಕ ಮಾರಿ ಸಣ್ಣ ಮಾಡ್ಕೊಂಡು ಕುಂತೀರಿ? ಹಿಂದ ಏಸಿ ಬರವಲ್ದೇನು?”

“ಬರ್ಲಿಕತ್ತದ್ರಿ.”

“ಮತ್ತ ಬೆವರ್ಲಿಕತ್ತೀರಿ?”

ಆ ಕಣ್ಣಲ್ಲಿ ಚೇಷ್ಟೆ ಇತ್ತು. ಚೇಷ್ಟೆಯ ಹಿಂದೆ ಇನ್ನೂ ಏನೋ ಇತ್ತು. ಅದು ಏನೆಂದು ಅವನಿಗೆ ತಿಳಿಯುವಷ್ಟರಲ್ಲಿ ಧೀರೇಂದ್ರ “ಗೇರ್, ಗೇರ್!” ಎಂದು ಅವಳ ಕೈಯ ಮೇಲೆ ಕೈಯಿಟ್ಟ.

ಒಂದು ಸಂಜೆ ಕಾಗಿಣಾ ಸೇತುವೆಯ ಹತ್ತಿರ ಕಾರು ನಿಲ್ಲಿಸಿ ಧೀರೇಂದ್ರ ಅವಳನ್ನು ಕೆಳಗಿಳಿಸಿದ. ಚಕ್ರದ ಮುಂದೆ ಇಬ್ಬರೂ ಕುಕ್ಕರಗಾಲಲ್ಲಿ ಕುಳಿತರು.

“ಬಟನ್ನೆಲ್ಲಾ ಆರಾಮಕ್ಕ, ಹರಿ. ಜೀವ ಇರೋದು ಈ ನಾಕು ಟಯರ್ ಮ್ಯಾಲ. ಗಾಳಿ ಮುಂಜಾನಿ ಟಯರ್ ತಣ್ಣಗಿದ್ದಾಗ ನೋಡ್ಬೇಕು. ಈ ಗೀರು ಸವೆದಾವೇನು, ಪಕ್ಕಕ್ಕ ಉಬ್ಬೇದೇನು, ಕೈ ಆಡಿಸಿ ನೋಡು. ಓಡುವಾಗ ಒಡೀತಂದ್ರ ಹೆದರಿ ಬ್ರೇಕ್ ಒದಿಬ್ಯಾಡ. ಸ್ಟೇರಿಂಗ್ ನೆಟ್ಟಗ ಹಿಡಿ, ಎಕ್ಸಲರೇಟರ್ ಮೆಲ್ಲಗ ಬಿಡು. ಗಾಡಿ ತಾನಾ ನಿಲ್ತದ.”

ಪವಮಾನನಿಗೆ ಈ ಮಾತೊಂದೂ ತಲೆಗೆ ಹೋಗಲಿಲ್ಲ. ಕರಿ ರಬ್ಬರಿನ ಮೇಲೆ ಅವಳ ಬೆರಳು, ಪಕ್ಕದಲ್ಲೇ ಧೀರೇಂದ್ರನ ಬೆರಳು. ಅಷ್ಟೇ ಕಂಡಿತು.

ಶನಿವಾರ ಮಧ್ಯಾಹ್ನ ಮನೆಯಲ್ಲಿ ತಾಯಿ ಮಗಳು ಇರಲಿಲ್ಲ. ಧೀರೇಂದ್ರ ಬಂದವನೇ ಅಂಗಳದಲ್ಲಿ ನಿಂತ ಕಾರಿನ ಸುತ್ತ ಒಂದು ಸುತ್ತು ಹಾಕಿ, ಮೆಟ್ಟಿಲಲ್ಲಿದ್ದ ಪವಮಾನನನ್ನು ಕರೆದ.

“ಮುಂದಿನ ಎಡಗಡಿ ಟಯರ್ ನೋಡ್ರಿ ಸರ್. ಎಲ್ಲೋ ಗುಂಡ್ಯಾಗ ಬಿದ್ದು ಪಕ್ಕಕ್ಕ ಗುಳ್ಳಿ ಎದ್ದದ. ಯಾವಾಗ ಒಡೀತದ ಹೇಳಲಿಕ್ಕೆ ಬರಂಗಿಲ್ಲ. ಅದನ್ನ ಬದಲ್ ಮಾಡೋತನಕ ಗಾಡಿ ತೆಗೀಬ್ಯಾಡ ಅಂತ ಹರಿಗೆ ಹೇಳ್ರಿ. ಫ್ಯಾಕ್ಟರಿಯೊಳಗ ಮಶಿನ್ ನಿಂತದ, ನಾ ಓಡಬೇಕು.” ಗೇಟಿನ ತನಕ ಹೋದವನು ತಿರುಗಿ ನಕ್ಕ. “ಇನ್ನೊಂದು ಸುದ್ದಿ. ಬರೋ ವಾರ ನಮ್ಮಪ್ಪ ಅತ್ತಿ ಜೋಡಿ ಮಾತಾಡ್ಲಿಕ್ಕೆ ಬರ್ತಾರ. ನಮ್ಮಿಬ್ಬರ ಲಗ್ನದ್ದು.”

ಪವಮಾನನ ಕಿವಿಯಲ್ಲಿ ಕಡೆಯ ಮಾತೊಂದೇ ಉಳಿಯಿತು.

ಸಂಜೆ ಹರಿಪ್ರಿಯಾ ಕೇಳಿದಳು: “ಧೀರು ಬಂದಿದ್ದನೇನ್ರಿ?”

“ಇಲ್ಲ,” ಎಂದ ಪವಮಾನ.

ಆ ಹೆಸರನ್ನು ಅವಳ ಬಾಯಲ್ಲಿ ಕೇಳಿದ ಉರಿಗೆ ಹೊರಬಿದ್ದ ಸುಳ್ಳು ಅದು. ನಾಳೆ ಹೇಳಿದರಾಯಿತು ಎಂದುಕೊಂಡ. ಮುಂದೂಡುವುದು ಅವನಿಗೆ ರೂಢಿಯಾಗಿತ್ತು.

ಮರುದಿನ ಪದ್ಮಾಬಾಯಿ ಭಜನಾ ಮಂಡಳಿಯವರ ಜೊತೆ ಬೆಳಗಿನ ಬಸ್ಸಿಗೆ ಮಳಖೇಡದ ಮಠಕ್ಕೆ ಹೋಗಿದ್ದರು. ಅವರನ್ನು ಕರೆತರಲು, ಮೊನ್ನೆಯಷ್ಟೇ ಲೈಸೆನ್ಸ್ ಕೈಗೆ ಬಂದಿದ್ದ ಹರಿಪ್ರಿಯಾ ಕಾರು ತೆಗೆದಳು. ಟಯರಿನ ಮಾತು ಪವಮಾನನ ನಾಲಿಗೆಯ ತುದಿಯವರೆಗೂ ಬಂದಿತ್ತು. ಅಷ್ಟರಲ್ಲಿ ಅವಳು ಎಡಬದಿಯ ಬಾಗಿಲು ತೆರೆದಳು.

“ಇವತ್ತರ ಮುಂದ ಕುಂದ್ರಿ ಸರ್. ದಿನಾ ಹಿಂದ ಕುಂತು ಸಿಟ್ಟಿಲೆ ನೋಡ್ತೀರಿ.”

ಹೇಳಿದರೆ ಕಾರು ಅಂಗಳದಲ್ಲೇ ಉಳಿಯುತ್ತಿತ್ತು. ಪವಮಾನ ಬಾಯಿ ಮುಚ್ಚಿಕೊಂಡು ಕುಳಿತ.

ಮಳಖೇಡದ ರಸ್ತೆ ಬಿಸಿಲಿಗೆ ಕಾದು ಹೊಗೆಯಾಡುತ್ತಿತ್ತು. ಅವಳ ಬಳೆ ಸ್ಟೇರಿಂಗಿಗೆ ತಾಗಿ ಸದ್ದು ಮಾಡುತ್ತಿತ್ತು. ಮಲ್ಲಿಗೆಯ ವಾಸನೆ ಏಸಿಯ ತಂಪಿನೊಂದಿಗೆ ಅವನ ಮುಖಕ್ಕೆ ಬರುತ್ತಿತ್ತು. ಇಂಥ ಸುಖದಲ್ಲೂ ಅವನು ಮತ್ತೆ ಮತ್ತೆ ಹೇಳುತ್ತಿದ್ದ, “ಮೆಲ್ಲಗ ಹೊಡೀರಿ.”

“ನನ್ನ ಡ್ರೈವಿಂಗ್ ಮ್ಯಾಲ ನಂಬಿಕಿ ಇಲ್ಲೇನು?”

“ನನ್ನ ಮ್ಯಾಲ ಇಲ್ರಿ.”

ಅವಳು ಅರ್ಥವಾಗದೆ ನಕ್ಕಳು. ನಗು ಮುಗಿಯುವ ಮೊದಲೇ ಢಬ್ ಎಂದಿತು.

ಕಾರು ಎಡಕ್ಕೆ ಸೆಳೆಯಿತು. ಎದುರಿನಿಂದ ಸಿಮೆಂಟ್ ಟ್ಯಾಂಕರ್ ಹಾರ್ನ್ ಬಾರಿಸುತ್ತ ಬರುತ್ತಿತ್ತು; ಎಡಗಡೆ ರಸ್ತೆಯಂಚಿನಲ್ಲಿ ಸಾಲು ಬೇವಿನ ಮರ. “ಬ್ರೇಕ್!” ಎಂದು ಪವಮಾನ ಚೀರಿದ. ಹರಿಪ್ರಿಯಾ ಬ್ರೇಕಿಗೆ ಕಾಲಿಡಲಿಲ್ಲ. ಹಲ್ಲು ಕಚ್ಚಿ, ಎರಡೂ ಕೈಯಲ್ಲಿ ಸ್ಟೇರಿಂಗನ್ನು ನೆಟ್ಟಗೆ ಹಿಡಿದು, ಎಕ್ಸಲರೇಟರಿನಿಂದ ಕಾಲನ್ನು ಮೆಲ್ಲಗೆ ಎತ್ತಿದಳು. ಟ್ಯಾಂಕರ್ ಬಲಕ್ಕೆ ಸವರಿದಂತೆ ದಾಟಿಹೋಯಿತು. ಕಾರು ಕುಂಟುತ್ತ ಕುಂಟುತ್ತ ಮಣ್ಣಿಗಿಳಿದು ನಿಂತಿತು.

ಅವಳು ಇಳಿದು ಚಿಂದಿಯಾದ ಟಯರನ್ನು ನೋಡಿದಳು.

“ಧೀರು ನೋಡಿದ್ರ ಮೊದಲ ಹಿಡೀತಿದ್ದ. ನಿನ್ನೆ ಅಂವಾ ಬರಲೇ ಇಲ್ಲ.”

ಪವಮಾನ ಸುಮ್ಮನಿದ್ದರೆ ಆ ಮಾತು ಅಲ್ಲಿಗೇ ಮುಗಿದುಹೋಗುತ್ತಿತ್ತು.

“ಬಂದಿದ್ರು,” ಎಂದ ಅವನು. “ಗುಳ್ಳಿ ಎದ್ದದ, ಗಾಡಿ ತೆಗೀಬ್ಯಾಡಂತ ಹೇಳ್ರಿ ಅಂದಿದ್ರು. ನಾ ಹೇಳಲಿಲ್ಲ.”

“ಯಾಕ್ರಿ?”

“ಹೊಟ್ಟಿಕಿಚ್ಚು. ಅವರ ಹೆಸರು ನನ್ನ ಬಾಯಿಲೆ ನಿಮ್ಮ ಕಿವಿಗೆ ಬೀಳೋದು ಬ್ಯಾಡಾಗಿತ್ತು. ಇವತ್ತ ಹೊರಡುವಾಗ ಹೇಳಬೇಕಂದೆ. ನೀವು ಮುಂದ ಕುಂದ್ರಿ ಅಂದ್ರಿ. ನಿಮ್ಮ ಬಾಜೂಕ ಕುಂದ್ರೋ ಆಶಾಕ್ಕ ನಿಮ್ಮ ಜೀವಾನೇ ಪಣಕ್ಕ ಹಚ್ಚಿದೆ. ಹರಿಪ್ರಿಯಾ, ನಿಮ್ಮನ್ನ ಕಂಡ್ರ ನನಗ ಭಾಳ ಪ್ರೀತಿ. ಈಗ ಅದನ್ನ ಹೇಳೋ ಯೋಗ್ಯತಾ ಉಳಿದಿಲ್ಲ, ಅದೂ ಗೊತ್ತದ.”

ಅವಳು ಚಿಂದಿ ಟಯರಿಗೆ ಒಂದು ಒದೆ ಕೊಟ್ಟು ಅವನತ್ತ ತಿರುಗಿದಳು.

“ಎಷ್ಟು ದಿನ ಕೂಡಿ ನಡದೀವಿ. ಹೇಳಲಿಕ್ಕೆ ಇದ ಜಾಗಾ ಸಿಕ್ತೇನು ನಿಮಗ? ಒಡೆದ ಟಯರ್ ಮುಂದ?” ಅವಳ ಕಣ್ಣು ತುಂಬಿದ್ದವು. “ಗಾಡಿ ಎಡಕ್ಕ ಎಳೀತು. ಎಡಕ್ಕ ಕುಂತವರು ಯಾರು? ಗಿಡಕ್ಕ ಬಡಿದಿದ್ರ ಮೊದಲ ಹೋಗೋರು ನೀವು! ಆಮ್ಯಾಲ ನಾ ಏನು ಮಾಡಬೇಕಿತ್ತು? ಮೊದಲ ಸಿಟ್ಟು ಮಾಡ್ತೀನಿ, ತಡೀರಿ. ಇನ್ನೊಂದಕ್ಕ ಉತ್ತರ ಆಮ್ಯಾಲ.”

ಇಬ್ಬರೂ ಸೇರಿ ಸ್ಟೆಪ್ನಿ ಹಾಕಿದರು. ಕಾರು ಎತ್ತುವ ಮೊದಲೇ ನಟ್ಟು ಸಡಿಲಿಸಬೇಕೆಂದು ಅವಳು ಹೇಳಿದಳು, ಅವನು ಮೈಭಾರ ಹಾಕಿ ತಿರುವಿದ. ಕೆಲಸ ಮುಗಿದದ್ದೇ ಅವಳು ಅವನ ಕೈಯಿಂದ ಸ್ಪ್ಯಾನರ್ ಕಿತ್ತುಕೊಂಡು ಡಿಕ್ಕಿಗೆ ಎಸೆದಳು.

ಮಳಖೇಡದಲ್ಲಿ ಎಸ್‌ಟಿಡಿ ಬೂತು ಕಂಡಾಗ ಪವಮಾನ ತಾನಾಗಿ ಇಳಿದು ಫ್ಯಾಕ್ಟರಿಗೆ ಫೋನ್ ಹಚ್ಚಿದ. ಧೀರೇಂದ್ರನಿಗೆ ನಡೆದದ್ದನ್ನೆಲ್ಲ, ತಾನು ಅವಳಿಗೆ ಆಡಿದ ಪ್ರೀತಿಯ ಮಾತನ್ನೂ ಬಿಡದೆ ಹೇಳಿದ.

“ಹರಿ ಬ್ರೇಕ್ ಒದೀಲಿಲ್ಲಲ್ಲ?” ಅದೊಂದನ್ನೇ ಕೇಳಿದ ಧೀರೇಂದ್ರ.

“ಇಲ್ರಿ. ನೀವು ಕಲಿಸಿದಂಗ ಮಾಡಿದ್ರು. ನಾವಿಬ್ಬರೂ ಉಳಿದಿದ್ದು ನಿಮ್ಮಿಂದ.”

ಆ ಕಡೆಯಿಂದ ಫೋನ್ ಇಟ್ಟ ಸದ್ದು ಬಂತು. ಅಷ್ಟು ದಿನ ದ್ವೇಷಿಸಿದವನಿಗಾಗಿ ಪವಮಾನನ ಮನಸ್ಸು ಮೊದಲ ಸಲ ನೊಂದಿತು.

ಮಠದ ಮೆಟ್ಟಿಲ ಮೇಲೆ ಪದ್ಮಾಬಾಯಿ ಪ್ರಸಾದದ ಪೊಟ್ಟಣ ಹಿಡಿದು ಕುಳಿತಿದ್ದರು. ಪವಮಾನ ಅವರ ಎದುರು ನಿಂತು ಸುಳ್ಳನ್ನೂ ಒಪ್ಪಿಕೊಂಡ, ಪ್ರೀತಿಯನ್ನೂ ಹೇಳಿದ.

“ಇಷ್ಟು ಮಾಡಿ ಮ್ಯಾಲ ಮಗಳನ್ನ ಕೇಳ್ಲಿಕತ್ತೀಯೇನೋ?” ಪದ್ಮಾಬಾಯಿಯವರ ದನಿ ಕಠಿಣವಾಗಿತ್ತು.

“ಹೌದ್ರಿ ಕಾಕು. ನೀವು ಬ್ಯಾಡಂದ್ರ ಖೋಲಿ ಖಾಲಿ ಮಾಡ್ತೀನಿ.”

ಪದ್ಮಾಬಾಯಿ ಮಗಳತ್ತ ತಿರುಗಿದರು. “ನಿಂದೇನು?”

“ನನಗಿನ್ನೂ ಸಿಟ್ಟದ,” ಎಂದಳು ಹರಿಪ್ರಿಯಾ.

“ಸಿಟ್ಟಿನ ಮಾತು ಕೇಳಲಿಲ್ಲ ನಾ.”

ಹರಿಪ್ರಿಯಾ ಸೆರಗಿನಿಂದ ಕೈಗೆ ಮೆತ್ತಿದ ಮಸಿ ಒರೆಸಿಕೊಂಡಳು. ಪವಮಾನನತ್ತ ಒಮ್ಮೆ ನೋಡಿ ಕಣ್ಣು ಕೆಳಗಿಳಿಸಿದಳು.

“ಖೋಲಿ ಖಾಲಿ ಮಾಡೋದು ಬ್ಯಾಡಂತ ಹೇಳವ್ವಾ ಅವರಿಗೆ,” ಎಂದಳು.