ಅಂಚಿನಲ್ಲಿ ಬರೆದದ್ದು

"ಏನ್ರೀ ಮಾಡ್ತಿದೀರಾ? ಬಿಡ್ರೀ ಅದನ್ನ!"

ಒಳಗೆ ಬಂದವಳೇ ಅನಸೂಯ ಅವನ ಕೈಯಿಂದ ಬ್ಲೇಡು ಕಿತ್ತುಕೊಂಡಳು. ಮೇಜಿನ ಮೇಲೆ ಪುಸ್ತಕವೊಂದು ರಟ್ಟು ಕಳಚಿ ಬಿದ್ದಿತ್ತು.

ಅವನು ತಲೆಯೆತ್ತಿ ನೋಡಿದ. ಕೋಪ ಬರಲಿಲ್ಲ... ನಗು ಬಂತು.

"ಪುಸ್ತಕ ಒಂದು, ಓದೋರು ಆರು ಜನ. ಹೊಲಿಗೆ ಬಿಚ್ಚಿ ಆರು ಭಾಗ ಮಾಡ್ತಿದೀನಿ. ಕೊನೇಲಿ ನಾನೇ ಹೊಲೀತೀನಿ, ಟೀಚರಮ್ಮ. ಬ್ಲೇಡ್ ಕೊಡ್ತೀರಾ?"

ಕೊಟ್ಟಳು. ಬೆರಳು ತಾಗಿತು. ಅವಳ ನೆಮ್ಮದಿ ಹೋದದ್ದು ಆಗಲೇ.

ಅದು ಐವತ್ತೆಂಟರ ಬೇಸಿಗೆ. ಕೋಲಾರದ ಚಿನ್ನದ ಗಣಿಯ ಚಾಂಪಿಯನ್ ರೀಫ್ಸ್‌ನ ಶಾಲೆಗೆ ರಜೆ. ಮನುಷ್ಯನ ಇಚ್ಛೆ ನಿಜಕ್ಕೂ ಅವನದೇನಾ ಎಂದು ಕೇಳುವ ಆ ಪುಸ್ತಕವನ್ನು ಓದಿಸಲು ಶ್ರೀನಿವಾಸಪ್ಪ ಮೇಷ್ಟ್ರು ಪ್ರತಿ ಭಾನುವಾರ ಅಲ್ಲಿ ಎಲ್ಲರನ್ನೂ ಕೂಡಿಸುತ್ತಿದ್ದರು. ಬಂಗಾರಪೇಟೆಯಲ್ಲಿ ಟೀಚರಾಗಿದ್ದ ಅನಸೂಯ ಅಲ್ಲಿಂದ ರೈಲಿನಲ್ಲಿ ಬರುತ್ತಿದ್ದಳು. ಬ್ಲೇಡು ಹಿಡಿದಿದ್ದವನು ಕುಪ್ಪುಸ್ವಾಮಿ. ಗಣಿಗೆ ಇಳಿಯುವವರಿಗೆ ದೀಪ ಕೊಡುವ ಕೋಣೆಯಲ್ಲಿ ಅವನ ಕೆಲಸ.

ಅವನೇ ಟೋಪಿಯಲ್ಲಿ ಚೀಟಿ ಹಾಕಿ ಸರದಿ ಎತ್ತಿದ. ನರ್ಸ್ ಅಮ್ಮಾಜಮ್ಮ ಓದಿದ ಭಾಗ ಮುಂದಿನ ವಾರ ಅನಸೂಯಳಿಗೆ, ಅನಸೂಯಳದು ಕುಪ್ಪುಸ್ವಾಮಿಗೆ, ಅವನದು ಮೇಷ್ಟ್ರಿಗೆ... ಹೀಗೆ ಒಂದು ಸುತ್ತು. ಮನಸ್ಸಿಗೆ ತೋಚಿದ್ದನ್ನು ಅಂಚಿನಲ್ಲಿ ಪೆನ್ಸಿಲಿನಿಂದ ಬರೆಯಬೇಕು ಎಂಬುದು ಮೇಷ್ಟ್ರ ನಿಯಮ.

ಅಮ್ಮಾಜಮ್ಮ ತಮಿಳು ಶಾಲೆಯಲ್ಲಿ ಓದಿದವಳು. ಕನ್ನಡ ಓದಲು ಬಾರದು. ಬೇವಿನ ಮರದಡಿ ಕುಪ್ಪುಸ್ವಾಮಿಯೇ ಅವಳಿಗೆ ಓದಿ ಹೇಳುತ್ತಿದ್ದ. ಅವಳು ನಗುತ್ತ ತಮಿಳಿನಲ್ಲಿ ಏನೋ ಅನ್ನುವಳು, ಅವನ ಕಿವಿ ಕೆಂಪಾಗುವುದು.

ಅನಸೂಯಳ ಕೈಗೆ ಬರುವ ಹಾಳೆಗಳಲ್ಲಿ ಅಮ್ಮಾಜಮ್ಮನ ಆಸ್ಪತ್ರೆಯ ಫಿನಾಯಿಲಿನ ವಾಸನೆ ಇರುತ್ತಿತ್ತು. ರೈಲಿನಲ್ಲಿ ಅದನ್ನು ಮೂಸಿ ನೋಡಿ ತನ್ನ ಮೇಲೆ ತಾನೇ ಸಿಟ್ಟಾಗುತ್ತಿದ್ದಳು.

'ಅವರಿಬ್ಬರು ನಕ್ಕರೆ ನನಗೇನು? ನಾನು ಬರೋದು ಪುಸ್ತಕಕ್ಕೆ...'

ಸುಳ್ಳು ಎಂದು ಅವಳಿಗೂ ಗೊತ್ತಿತ್ತು.

ಮೂರನೆಯ ಭಾನುವಾರ ನೆಲ ನಡುಗಿತು. ಗಣಿಯ ಆಳದಲ್ಲಿ ಬಂಡೆ ಸಿಡಿದಾಗ ಆ ಊರು ನಡುಗುವುದು ಹೊಸದಲ್ಲ. ಅಮ್ಮಾಜಮ್ಮ ಕುಪ್ಪುಸ್ವಾಮಿಯ ತೋಳು ಹಿಡಿದಳು. ಅನಸೂಯ ಬೆಂಚು ಹಿಡಿದುಕೊಂಡಳು.

ಆ ವಾರ ಅಂಚಿನಲ್ಲಿ ಒತ್ತಿ ಬರೆದಳು: "ಹೊಟ್ಟೆಯುರಿಯೂ ನಮ್ಮ ಇಚ್ಛೆಯೇ? ನಾನಂತೂ ಇದನ್ನು ಬಯಸಿರಲಿಲ್ಲ."

ಆರನೆಯ ವಾರ ಅಪ್ಪ ವೆಂಕಟರಾಯಪ್ಪ ಮಾತು ತೆಗೆದ.

"ಬೇತಮಂಗಲದೋರು ಕೇಳ್ತವ್ರೆ ತಾಯಿ. ಉಡುಗ ಒಳ್ಳೇನು. ಬರೋ ಭಾನ್ವಾರ ಸಂಜೆ ಬಂದು ಒಂದು ಮಾತು ಏಳ್ಬುಡು. ಬ್ಯಾಡ ಅಂದ್ರೆ ಬ್ಯಾಡ."

ಹೂಂ ಅಂದುಬಿಡುತ್ತೇನೆ ಎಂದುಕೊಂಡಳು. ಕುಪ್ಪುಸ್ವಾಮಿಗೂ ಗೊತ್ತಾಗಲಿ! ಆಮೇಲೆ ತಾನು ಓದಬೇಕಿದ್ದ ಕೊನೆಯ ಭಾಗ ಬಿಡಿಸಿದಳು. ಕುಪ್ಪುಸ್ವಾಮಿ ಮೊದಲ ವಾರವೇ ಓದಿ ಮುಗಿಸಿದ ಭಾಗ ಅದು. ಮತ್ತೆ ಅವನ ಕೈಗೆ ಹೋಗುವುದಿಲ್ಲ. ಅದಕ್ಕೇ ಧೈರ್ಯವಾಗಿ ಬರೆದಳು: "ಹಟಕ್ಕೆ ಹೂಂ ಅನ್ನುತ್ತಿದ್ದೇನೆ. ಬೇಡ ಅನ್ನುವ ಶಕ್ತಿ ನನಗಿದೆಯೇ?"

ಕೊನೆಯ ಭಾನುವಾರ ರೈಲು ತಡವಾಯಿತು. ಅವಳು ಬಂದಾಗ ಐದು ಭಾಗಗಳ ಹೊಲಿಗೆ ಮುಗಿದಿತ್ತು. ಕುಪ್ಪುಸ್ವಾಮಿಯ ಕೈಯಲ್ಲಿ ಗೋಣಿ ಹೊಲಿಯುವ ಸೂಜಿ. ದಾರ ಹಿಡಿದವಳು... ಅಮ್ಮಾಜಮ್ಮ.

"ಇದೊಂದು ಬಾಕಿ," ಎಂದು ಅನಸೂಯ ತನ್ನ ಭಾಗವನ್ನು ಮೇಜಿನ ಮೇಲೆ ಹಾಕಿದಳು. "ಬರ್ತೀನಿ. ಮನೇಲಿ ಕಾಯ್ತಿದ್ದಾರೆ. ನನ್ನ ಮದುವೆ ಮಾತು."

ಸೂಜಿ ನಿಂತಿತು. ಅವನು ಅದರ ತುದಿಯನ್ನೇ ನೋಡುತ್ತ ಕೂತ.

ಅಮ್ಮಾಜಮ್ಮ ದಾರ ಕೆಳಗಿಟ್ಟಳು. "ಬಾಯಿಲ್ಲದ ಜನ್ಮ ಇದು. ಅನಸೂಯಾ, ಇಲ್ಲಿ ಬಾ. ಹೊಲಿದಿಟ್ಟ ಈ ಪುಸ್ತಕ ತೆಗೆದು ನೋಡು."

"ನಾನು ಓದಿದೀನಿ."

"ನೀನು ಓದಿದ ಮೇಲೆ ಅವನ ಸರದಿ. ನಿನ್ನ ಕೈಗೆ ಅದು ವಾಪಸ್ಸೇ ಬರಲ್ಲ. ಮೇಷ್ಟ್ರಿಗೆ ಗೊತ್ತು, ನನಗೆ ಗೊತ್ತು, ನಿನಗೊಬ್ಬಳಿಗೇ ಗೊತ್ತಿಲ್ಲ. ನನಗೆ ಪುಸ್ತಕ ಓದಿ ಹೇಳಪ್ಪಾ ಅಂದ್ರೆ ಪುಟಕ್ಕೊಂದು ಸಲ ನಿನ್ನ ಸುದ್ದಿ ತೆಗೀತಾನೆ. ಆಡ್ಕೊಂಡು ನಗದೆ ಏನು ಮಾಡಲಿ?"

ಮೇಷ್ಟ್ರು ಕೆಮ್ಮಿ ಕಿಟಕಿಯ ಕಡೆ ತಿರುಗಿದರು.

ಅನಸೂಯ ಪುಟ ತಿರುವಿದಳು. ಅವಳು ಬರೆದ ಪ್ರತಿ ಸಾಲಿನ ಕೆಳಗೂ ಪುಟ್ಟ, ದುಂಡನೆಯ ಅಕ್ಷರ. ಬೇರೆ ಯಾರ ಸಾಲಿಗೂ ಉತ್ತರವಿರಲಿಲ್ಲ.

ಹೊಟ್ಟೆಯುರಿಯ ಪ್ರಶ್ನೆಯ ಕೆಳಗೆ ಹೀಗಿತ್ತು: "ಯಾರ ಮೇಲೆ ಅಂತ ಹೇಳಿದರೆ ಇವತ್ತೇ ಸಮಾಧಾನ ಮಾಡುತ್ತೇನೆ. ನೆಲ ನಡುಗಿದಾಗ ನಾನು ನೋಡಿದ್ದು ನಿಮ್ಮ ಬೆಂಚಿನ ಕಡೆ."

ಅವಳ ಕಣ್ಣು ಮಂಜಾಯಿತು. ಹಾಳೆ ತನ್ನ ಕೈಗೆ ಎಲ್ಲಿಂದ ಬಂತು ಎಂಬುದನ್ನೇ ಆರು ವಾರ ನೋಡಿದ್ದಳು. ಅದು ಹೋಗುವ ಕೈ ತನಗೆ ಉತ್ತರ ಬರೆದೀತು ಎಂದು ಒಮ್ಮೆಯೂ ಯೋಚಿಸಿರಲಿಲ್ಲ...

"ಸರದಿ ಚೀಟಿಯಲ್ಲಿ ಬಂದದ್ದಲ್ವಾ?"

"ನನ್ನ ಚೀಟಿ ಟೋಪಿಗೆ ಹಾಕ್ಲೇ ಇಲ್ಲ. ನಿಮ್ಮ ಹೆಸರು ಬಂದ್ಮೇಲೆ ಜೇಬಿಂದ ತೆಗೆದೆ," ಎಂದ ಅವನು ತಲೆ ತಗ್ಗಿಸಿ. "ಬ್ಲೇಡ್ ಕಿತ್ಕೊಂಡ್ರಲ್ಲ, ನಿಮ್ಮ ಹಾಳೆ ನನಗೇ ಬರ್ಬೇಕು ಅಂತ ಆಗ್ಲೇ ಅನ್ಕೊಂಡಿದ್ದೆ."

ಅವಳು ಕೊನೆಯ ಭಾಗ ಬಿಡಿಸಿ ಅವನ ಮುಂದಿಟ್ಟಳು. ಅವನು ಓದಿದ. ಪೆನ್ಸಿಲ್ ತೆಗೆದ... ಬರೆಯಲಿಲ್ಲ. ಅವಳ ಕಡೆ ಚಾಚಿದ.

"ಇದಕ್ಕೆ ಮಾತ್ರ ನಾನು ಬರೆಯೋ ಹಾಗಿಲ್ಲ."

ಅನಸೂಯ ತನ್ನ ಪ್ರಶ್ನೆಯ ಕೆಳಗೆ ತಾನೇ ಬರೆದಳು: "ಇದೆ. ಇವತ್ತು ಸಂಜೆ ಅಪ್ಪನಿಗೆ ಹೇಳುತ್ತೇನೆ."

ಅವನು ಆ ಭಾಗವನ್ನೂ ಸೇರಿಸಿ ಹೊಲಿದ. ದಾರ ಹಿಡಿದವಳು ಈಗ ಅನಸೂಯ.

ಸ್ಟೇಷನ್ನಿನಲ್ಲಿ ಬಂಗಾರಪೇಟೆಯ ರೈಲು ನಿಂತಿತ್ತು. ಅನಸೂಯ ಹತ್ತಿ ಕೂತಳು, ಅವನು ಕಿಟಕಿಯ ಹೊರಗೆ ನಿಂತ.

"ನಾನೂ ಬರ್ಲಾ? ನಿಮ್ಮಪ್ಪನ್ನ ನೋಡೋಕೆ."

"ನಿಮ್ಮಿಷ್ಟ."

"ನನ್ನಿಷ್ಟ ಬರೆದು ಬರೆದು ಪೆನ್ಸಿಲೇ ಸವೆದೋಯ್ತು, ಟೀಚರಮ್ಮ. ನಿಮ್ಮಿಷ್ಟ ಹೇಳಿ."

ಅವಳು ಕಿಟಕಿಯ ಪಕ್ಕ ಸರಿದು ಜಾಗ ಮಾಡಿದಳು.

"ಹತ್ತಿ. ರೈಲು ಹೊರಡುತ್ತೆ."