ನನ್ನ ಪರವಾಗಿ ಮಾತಾಡುವವನು

“ಕೊನೇ ಅಧ್ಯಾಯ ಬರೆದೋರು ಯಾರು ಮೇಡಂ?”

ಓಂಕಾರ್ ನನ್ನನ್ನು ಕೇಳಿದ ಮೊದಲ ಮಾತು ಅದು.

ಚನ್ನಗಿರಿಯಲ್ಲಿ ಹೊಸ ಲೇಖಕರಿಗೆಂದು ಒಂದು ದಿನದ ಕಮ್ಮಟ ನಡೆದಿತ್ತು. ಪ್ರಕಾಶಕರ ಜೊತೆ ಲೇಖಕರ ಪರವಾಗಿ ಮಾತಾಡುವ, ಅನುವಾದದ ಹಕ್ಕು, ಆಡಿಯೋ ಹಕ್ಕು ಎಲ್ಲ ನೋಡಿಕೊಳ್ಳುವ ಇಬ್ಬರು ಏಜೆಂಟರು ಬಂದಿದ್ದರು. ಬೆಂಗಳೂರಿನಿಂದ ಅನಿತಾ. ಜಗಳೂರಿನಿಂದ ಓಂಕಾರ್. ನಾವು ಮೊದಲೇ ಕಳಿಸಿದ್ದನ್ನು ಇಬ್ಬರೂ ಓದಿಕೊಂಡು ಬಂದಿದ್ದರು. ನನ್ನ ಕಾದಂಬರಿಯ ಹಾಳೆಗಳು ಓಂಕಾರ್ ತೊಡೆಯ ಮೇಲಿದ್ದವು.

“ನಾನೇ ಬರೆದಿದ್ದು,” ಅಂದೆ.

“ಇಲ್ಲ ಬಿಡ್ರಿ. ಅಲ್ಲಿತನಕ ನೀವು ಬರ್ದೀರಿ. ಕೊನೇದು ನಿಮ್ಮ ನೆಂಟರು ಯಾರೋ ಬರ್ದಾರೆ. ಅಯ್ಯೋ ಪಾಪ, ಹುಡುಗಿ ಒಂದು ದಡ ಸೇರ್ಲಿ ಅಂತ.”

ನಗು ಬರಬೇಕಿತ್ತು. ಬಾಯಿಯವರೆಗೆ ಬಂದು ನಿಂತಿತು. ಅವರು ಅದನ್ನು ನೋಡಿದರು. ನೋಡಿಲ್ಲವೆಂಬಂತೆ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸತೊಡಗಿದರು.

ನನ್ನ ಕಾದಂಬರಿಯಲ್ಲಿ ಗಂಡ ಸತ್ತ ಒಬ್ಬ ಹೆಂಗಸಿದ್ದಾಳೆ. ಎದುರು ಮನೆಗೆ ಒಬ್ಬ ಬಾಡಿಗೆಗೆ ಬರುತ್ತಾನೆ. ಒಳ್ಳೆಯವನು. ಕೊನೆಯ ಅಧ್ಯಾಯದಲ್ಲಿ ಅವನು ಬಾಗಿಲು ತಟ್ಟುತ್ತಾನೆ. ಅವಳು ಎದ್ದು ಹೋಗಿ ತೆಗೆಯುತ್ತಾಳೆ.

“ಬಾಗಿಲು ತೆಗೆದಿದ್ದು ತಪ್ಪಾ?” ಅಂತ ಕೇಳಿದೆ.

“ತಪ್ಪಲ್ಲ, ಸುಳ್ಳು. ಅಷ್ಟೊತ್ತು ಕುಂತಲ್ಲೇ ಕುಂತಾಕಿ, ಹಂಗೆ ಒಂದೇ ಸಲಕ್ಕೆ ಏಳ್ತಾಳೇನ್ರಿ?”

ಮಧ್ಯಾಹ್ನ ಚಹಾದ ಹೊತ್ತಿಗೆ ಮತ್ತೆ ಪಕ್ಕದಲ್ಲಿ ನಿಂತಿದ್ದರು. ನನ್ನ ಮುಖ ನೋಡಲಿಲ್ಲ. ಲೋಟ ಹಿಡಿದ ಕೈ ನೋಡುತ್ತಿದ್ದರು.

“ಊದಿದ್ದು ಸಾಕು ಕುಡೀರಿ. ಅದು ಆರಿ ಬಾಳ ಹೊತ್ತಾತು.”

ಆ ಸಲ ನಗು ಹೊರಗೆ ಬಂತು. ನನ್ನದೇ ದನಿ ನನಗೆ ಗುರುತು ಸಿಗಲಿಲ್ಲ.

ಅನಿತಾಗೆ ಮಾತ್ರ ಕೊನೆಯ ಅಧ್ಯಾಯವೇ ಇಷ್ಟವಾಗಿತ್ತು. “ಎಷ್ಟು ಹೋಪ್‌ಫುಲ್ ಆಗಿದೆ ಗಂಗೋತ್ರಿ! ಜನಕ್ಕೆ ಬೇಕಾಗಿರೋದೇ ಅದು. ಇಂಗ್ಲಿಷಿಗೂ ಹೋಗುತ್ತೆ. ಹಿಂದಿನ ರಕ್ಷಾಪುಟದಲ್ಲಿ ನಿಮ್ಮದೇ ಲೈಫ್ ಬಗ್ಗೆ ನಾಲ್ಕು ಸಾಲು ಹಾಕೋಣ,” ಅಂದರು. ನನ್ನ ಕೈಯನ್ನು ಮೆಲ್ಲಗೆ ಒತ್ತಿದರು. ಕೆಟ್ಟವರಲ್ಲ. ಅವರು ಮಾರಿಸಿಕೊಟ್ಟ ಪುಸ್ತಕಗಳು ಅಂಗಡಿಗಳಲ್ಲಿ ಮುಂದಿನ ಸಾಲಿನಲ್ಲೇ ಇರುತ್ತವೆ. ಓಂಕಾರ್ ಈ ಕೆಲಸಕ್ಕೆ ಹೊಸಬರು.

ಇಬ್ಬರೂ ಒಪ್ಪಂದದ ಕಾಗದ ಕಳಿಸಿದರು. ತಿಂಗಳೊಳಗೆ ಒಬ್ಬರಿಗೆ ಹ್ಞೂಂ ಅನ್ನಬೇಕಿತ್ತು. ಆ ಕಾದಂಬರಿ ಬಿಟ್ಟು ನನ್ನ ಹತ್ತಿರ ಬೇರೇನೂ ಇರಲಿಲ್ಲ. ಅದು ಯಾರ ಕೈಗೆ ಹೋಗುತ್ತದೆ ಅನ್ನುವುದು ಸಣ್ಣ ಮಾತಾಗಿರಲಿಲ್ಲ.

ನಾನು ನ್ಯಾಮತಿಯಲ್ಲಿ ಅತ್ತೆಯ ಜೊತೆ ಇದ್ದೇನೆ. ಹೊನ್ನಾಳಿಯ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ನನ್ನ ಗಂಡ ವಿನೋದ್ ಹೋಗಿದ್ದು ಕಾಮಾಲೆಯಲ್ಲಿ. ಮೊದಲು ನಾಟಿ ಔಷಧಿ, ಆಮೇಲೆ ದಾವಣಗೆರೆಯ ಆಸ್ಪತ್ರೆ. ಅದರಾಚೆ ಹೇಳುವುದಕ್ಕೇನೂ ಇಲ್ಲ.

ಓಂಕಾರ್ ಸಂಜೆ ಮೆಸೇಜ್ ಮಾಡುತ್ತಿದ್ದರು. ಬರೀ ಕಾದಂಬರಿಯ ವಿಷಯ. ಒಮ್ಮೊಮ್ಮೆ ನನ್ನದೇ ಒಂದು ವಾಕ್ಯವನ್ನು ಓದಿ ವಾಯ್ಸ್ ಕಳಿಸುತ್ತಿದ್ದರು. ಕೊನೆಗೆ, “ಇಲ್ಲೊಂದು ಉಸಿರು ಬಿಟ್ಟೀರಿ, ಗೊತ್ತೇನು?” ಅನ್ನುತ್ತಿದ್ದರು. ನನಗೆ ಗೊತ್ತಿರಲಿಲ್ಲ.

ಒಂದು ಸಂಜೆ ಮೆಸೇಜ್ ಬರಲಿಲ್ಲ. ಒಲೆಯ ಮೇಲೆ ಬೇಳೆ ಸೀದಿತು.

ಅತ್ತೆ ಸುಂಕಲಮ್ಮ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತರು. “ಬೇಳೆ ಸೀಯೋವಷ್ಟು ಯಾರದವ್ವಾ ಯೋಚ್ನೆ?”

“ಏಜೆಂಟ್ ಯಾರನ್ನ ಆರಿಸೋದು ಅಂತ, ಅತ್ತೆ.”

“ಆ ಬೆಂಗಳೂರಾಕಿ ಹೆಸರು ಪೇಪರ್‌ನಾಗೆ ಬರ್ತೈತೆ ಅಂದಿ. ಸರಿ. ಈ ಜಗಳೂರೋನು ಯಾರು? ಎಂಥ ಮನೆತನ? ಹೆಣ್ಣು ಕೊಡಾಕೆ ನಾಕು ಕಡೆ ವಿಚಾರಿಸ್ತೀವಿ. ಎರಡು ವರ್ಷ ಕುಂತು ಬರ್ದಿದ್ದು ಕೊಡಾಕೆ ವಿಚಾರಿಸಬ್ಯಾಡವಾ?”

ಏಜೆಂಟರನ್ನು ಆರಿಸುವ ಮೊದಲು ನಾಲ್ಕು ಜನರ ಹತ್ತಿರ ವಿಚಾರಿಸಿ ಎಂದು ಇಂಟರ್ನೆಟ್ಟಿನಲ್ಲೂ ಬರೆದಿತ್ತು. ನಾನು ಬೇಡ ಅನ್ನಲಿಲ್ಲ. ಅತ್ತೆ ತಮ್ಮ ತಮ್ಮನಾದ ದುರುಗಪ್ಪ ಮಾವನನ್ನು ಜಗಳೂರಿಗೆ ಕಳಿಸಿದರು.

ಮಾವ ಮಾರನೇ ದಿನ ಸಂಜೆ ಬಂದರು. ಕೈಯಲ್ಲಿ ಒಂದು ಡಬ್ಬಿ. ಮುಖದಲ್ಲಿ ತಪ್ಪು ಮಾಡಿದ ಹುಡುಗನ ಕಳೆ.

“ಬಸ್‌ಸ್ಟ್ಯಾಂಡ್ ಹತ್ರ ಚಾ ಅಂಗಡ್ಯಾಗೆ ಕೇಳ್ದೆ. ಓಂಕಾರ್ ಅನ್ನೋ ಹುಡುಗ ಹೆಂಗೆ, ಕುಡಿತಾನೇನು, ಆಡಿದ ಮಾತಿಗೆ ನಿಲ್ತಾನೇನು ಅಂತ.”

“ಪುಸ್ತಕದ ವಿಷಯ ಅಂತ ಹೇಳಿದ್ರಾ ಮಾವ?”

“ಅವರು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ. ಚಾದೋನು ನಕ್ಕೊಂಡು ಫೋನ್ ಹಚ್ಚಿದ. ಆ ಹುಡುಗನ ತಾಯಿ ನನ್ನ ಕರ್ಕೊಂಡು ಹೋಗಾಕೆ ಆಟೋ ಕಳಿಸಿಬಿಟ್ಟಳು. ಹೋದ್ರೆ ಚಾಪೆ ಹಾಸೈತೆ, ಎಲೆ ಹಾಕೈತೆ. ಬಿಸಿ ಶಾವಿಗೆ ಪಾಯಸ.”

“ಉಂಡೇನೋ?” ಅತ್ತೆಯ ದನಿ ಏರಿತು.

“ಎಲೆ ಮುಂದೆ ಕುಂತೋನು ಹೆಂಗೆ ಏಳ್ಲಿ ಅಕ್ಕಾ? ಎರಡು ಸಲ ಹಾಕಿಸ್ಕೊಂಡೆ. ಬಾಳ ಚಲೋ ಮಾಡಿದ್ಲು. ಉಳಿದಿದ್ದನ್ನ ಡಬ್ಬಿಗೆ ಹಾಕಿಕೊಟ್ಟಾಳೆ. ಹುಡುಗಿಗೆ ಅಂತ.”

ನಮ್ಮ ಕಡೆ ಸಂಬಂಧ ಕೇಳಲು ಹೋದವರು ಒಪ್ಪಿಗೆಯಾಗುವ ತನಕ ಆ ಮನೆಯಲ್ಲಿ ಊಟ ಮಾಡುವುದಿಲ್ಲ. ಸಿಹಿ ಉಂಡರೆ ಮಾತು ಕೊಟ್ಟಂತೆ. ಮಾವ ಎರಡು ಸಲ ಹಾಕಿಸಿಕೊಂಡು ಉಂಡಿದ್ದರು.

ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡರು. ಅಳುತ್ತಿದ್ದಾರೆಂದು ಹತ್ತಿರ ಹೋದೆ. ನಗುತ್ತಿದ್ದರು. ವಿನೋದ್ ಹೋದ ಮೇಲೆ ಆ ಮನೆಯಲ್ಲಿ ಯಾರೂ ಹಾಗೆ ನಕ್ಕಿರಲಿಲ್ಲ.

ಅವತ್ತೇ ಓಂಕಾರ್ ಫೋನ್ ಮಾಡಿದರು. ಮೊದಲು ಅವರೂ ನಕ್ಕರು. “ನಿಮ್ಮ ಮಾವ ನನ್ನ ಹಲ್ಲು ಒಂದು ಎಣಿಸ್ಲಿಲ್ಲ ನೋಡ್ರಿ. ಉಳಿದಿದ್ದೆಲ್ಲ ವಿಚಾರಿಸಿದ್ರು.”

“ಕ್ಷಮಿಸಿ. ನಾಚಿಕೆಯಾಗ್ತಿದೆ. ನಿಮ್ಮ ತಾಯಿಯವರಿಗೆ ನಿಜ ಹೇಳಿಬಿಡಿ.”

ಆ ಕಡೆ ನಗು ನಿಂತಿತು.

“ಅವ್ವ ಕೇಳಿದ್ಲು, ಹುಡುಗಿ ಯಾರು ಅಂತ. ನಿಮ್ಮ ಹೆಸರು ಹೇಳ್ದೆ. ನಿಮ್ಮ ಕಥೇನೂ ಹೇಳ್ದೆ. ಸುಮ್ನಿದ್ದು, ಆಮೇಲೆ, ಆಕಿಗೆ ಶಾವಿಗೆ ಸೇರ್ತದಾ ಅಂತ ಕೇಳಿದ್ಲು. ಅದು ಪುಸ್ತಕದ ವಿಷಯ ಅಂತ ನಾನು ತಿದ್ದಬೇಕಾಗಿತ್ತು. ದಿನಾ ಬೇರೆಯೋರ ತಪ್ಪು ತಿದ್ದೋನು ನಾನು. ತಿದ್ಲಿಲ್ಲ.”

“ಯಾಕೆ?”

“ತಪ್ಪು ಅನ್ನಿಸ್ಲಿಲ್ಲ.”

ಫೋನ್ ಹಿಡಿದ ಕೈ ಬಿಸಿಯಾಗಿತ್ತು. ಹೊನ್ನಾಳಿಗೆ ಬರುತ್ತೇನೆ, ಒಪ್ಪಂದದ ಕಾಗದ ತರುತ್ತೇನೆ, ಎರಡೂ ವಿಷಯ ಅಲ್ಲೇ ಮಾತಾಡೋಣ ಅಂದರು.

ಅತ್ತೆ ಎಲ್ಲ ಕೇಳಿಸಿಕೊಂಡಿದ್ದರು. ನನ್ನ ಜಡೆ ಬಿಚ್ಚಿ ಎಣ್ಣೆ ಹಚ್ಚುತ್ತಾ ಹೇಳಿದರು: “ನಮ್ಮಾಗೆ ಉಡಿಕೆ ಐತವ್ವಾ. ಗಂಡ ಹೋದಾಕಿಗೆ ಇನ್ನೊಬ್ಬ ಸೀರೆ ಉಡಿಸಿ ಕರ್ಕೊಂಡು ಹೋದ್ರೆ ಯಾರೂ ಒಂದು ಮಾತಾಡಂಗಿಲ್ಲ. ನಾನೇ ಮುಂದೆ ನಿಂತು ಮಾಡ್ತೀನಿ. ವಿನೋದನ ಹೆತ್ತಾಕಿ ನಾನು ಹೇಳ್ತಿದೀನಿ, ಹೋಗು.”

ಯಾರಾದರೂ ಬೇಡ ಅಂದಿದ್ದರೆ ಜಗಳವಾಡಿಯಾದರೂ ಹೋಗುತ್ತಿದ್ದೆನೋ ಏನೋ. ಯಾರೂ ಬೇಡ ಅನ್ನಲಿಲ್ಲ. ಎಲ್ಲ ಬಾಗಿಲೂ ತೆರೆದಿದ್ದವು.

ನಾನು ಪ್ರಯತ್ನಪಟ್ಟೆ. ಅವರ ದನಿ ನೆನೆದೆ. ಚಹಾದ ಲೋಟದ ಮೇಲಿದ್ದ ಅವರ ನೋಟ ನೆನೆದೆ. ಎದೆಯಲ್ಲಿ ಏನೋ ಇತ್ತು, ಸುಳ್ಳು ಹೇಳುವುದಿಲ್ಲ. ಆದರೆ ಜೋಮು ಹಿಡಿದ ಕಾಲಿನಂತೆ ಇತ್ತು. ಕಾಲು ಇದೆ ಎಂದು ಗೊತ್ತು, ಊರಿ ನಿಲ್ಲಲು ಬರುವುದಿಲ್ಲ. ಈ ಮನುಷ್ಯ ಒಂದು ದಿನ ಜ್ವರ ಅಂದರೆ ನಾನು ಮೊದಲು ಅವರ ಕಣ್ಣಿನ ಬಿಳಿ ನೋಡುತ್ತೇನೆ, ಹಳದಿ ಆಯಿತೇ ಎಂದು. ಪ್ರತಿ ಬೆಳಿಗ್ಗೆ ನೋಡುತ್ತೇನೆ. ಅದು ಸಂಸಾರವಲ್ಲ, ಕಾವಲು.

ಹೊನ್ನಾಳಿಯಲ್ಲಿ ಸೇತುವೆಯ ಹತ್ತಿರದ ಹೋಟೆಲಿನಲ್ಲಿ ಓಂಕಾರ್ ಕೂತಿದ್ದರು. ಹೊಸ ಅಂಗಿ. ತೋಳಿನ ಮೇಲೆ ಮಡಿಕೆಯ ಗೆರೆ ಇನ್ನೂ ಇತ್ತು. ನಾನು ಅದನ್ನು ನೋಡಿದ್ದು ಅವರಿಗೆ ಗೊತ್ತಾಗಿ ತೋಳು ಮಡಚಿಕೊಂಡರು.

“ಅವ್ವ ಕೊಡಿಸಿದ್ದು,” ಅಂದರು. “ಎರಡು ಪ್ರಶ್ನೆ ಐತೆ. ಒಂದು ಕಾದಂಬರೀದು, ಒಂದು ನಂದು. ಯಾವುದು ಮೊದಲು?”

“ಕಾದಂಬರೀದು.”

ಕಾಗದ ಮುಂದೆ ಸರಿಸಿದರು. ನಾನು ಸಹಿ ಮಾಡಿದೆ. ಅವರ ಮುಖದಲ್ಲಿ ಬೆಳಕು ಬಂತು. ಅದನ್ನು ನಂದಿಸುವವಳು ನಾನೇ ಎಂದು ಗೊತ್ತಿದ್ದೂ ಒಂದು ಗಳಿಗೆ ನೋಡಿದೆ.

“ಕೊನೆಯ ಅಧ್ಯಾಯ ಬೇರೆ ಬರೀತೀನಿ,” ಅಂದೆ. “ನೀವು ಹೇಳಿದ್ದೇ ಸರಿ. ಅವಳು ಬಾಗಿಲು ತೆಗೆಯೋದಿಲ್ಲ.”

ಓಂಕಾರ್ ಒಳ್ಳೆಯ ಓದುಗರು. ಎರಡನೇ ಸಲ ಹೇಳಬೇಕಾಗಲಿಲ್ಲ.

ಮಾಣಿ ಬಂದು ಏನು ಬೇಕೆಂದು ಕೇಳಿದ. ಎರಡು ಚಾ ಅಂದರು. ಅವನು ಹೋದ ಮೇಲೆ ಬಹಳ ಹೊತ್ತು ಹೊಳೆಯ ಕಡೆ ನೋಡಿದರು.

“ಹಂಗಾದ್ರೆ ಎರಡನೇ ಪ್ರಶ್ನೆ ಕೇಳೋದು ಬ್ಯಾಡ.”

“ಬೇಡ.”

“ಅಷ್ಟು ಸರಿಯಾಗಿ ಓದಬಾರದಿತ್ತು ನಾನು. ನಿಮ್ಮ ನೆಂಟ್ರು ಬರೆದಿದ್ದೇ ಚಲೋ ಐತೆ ಅಂದು ಸುಮ್ನಿರಬೇಕಿತ್ತು.”

“ಬೇರೆ ಯಾರೂ ಹಾಗೆ ಓದಲಿಲ್ಲ, ಓಂಕಾರ್.”

ಅವರ ಹೆಸರನ್ನು ನಾನು ಹೇಳಿದ್ದು ಅದೇ ಮೊದಲು. ಅವರು ಕಣ್ಣು ಮುಚ್ಚಿ ತೆಗೆದರು. ನಾನು ಕೊಡಬಹುದಾಗಿದ್ದು ಅಷ್ಟೇ ಎಂದು ಅವರಿಗೂ ತಿಳಿಯಿತು.

“ನಿಮಗೆ ಕಷ್ಟ ಆಗೋದಾದ್ರೆ ನಾನು ಅನಿತಾ ಅವರ ಹತ್ತಿರ ಹೋಗ್ತೀನಿ,” ಅಂದೆ.

“ಕಷ್ಟ ಆಗ್ತದೆ. ಅವರು ಈ ಪುಸ್ತಕಕ್ಕೆ ನಗು ಅಂಟಿಸಿ ಮಾರೋದು ನೋಡಿದ್ರೆ ಇನ್ನೂ ಕಷ್ಟ.” ಪೆನ್ನು ತೆಗೆದು ನನ್ನ ಸಹಿಯ ಪಕ್ಕದಲ್ಲಿ ತಮ್ಮದನ್ನೂ ಹಾಕಿದರು. “ಅವ್ವಗೆ ನಾನು ಹೇಳ್ತೀನಿ. ನೀವು ಚಿಂತಿ ಮಾಡಬ್ಯಾಡ್ರಿ.”

ಜಗಳೂರಿಗೆ ಹೋಗಲು ಅವರು ದಾವಣಗೆರೆ ಬಸ್ ಹತ್ತಿದರು. ಕಿಟಕಿಯ ಪಕ್ಕ ಕೂತರು. ತಿರುಗಿ ನೋಡಲಿಲ್ಲ. ಬಸ್ಸು ಸೇತುವೆ ದಾಟುವ ತನಕ ನಾನು ನಿಂತೇ ಇದ್ದೆ.

ಕೊನೆಯ ಅಧ್ಯಾಯವನ್ನು ಮತ್ತೆ ಬರೆದೆ: ಅವನು ಬಾಗಿಲು ತಟ್ಟಿ ಹೊರಗೆ ನಿಂತೇ ಇರುತ್ತಾನೆ, ಅವಳು ಏಳುವುದಿಲ್ಲ. ಆಮೇಲೆ ಕೆಲವು ಪ್ರಕಾಶಕರು ಬೇಡ ಅಂದರು. ಓಂಕಾರ್ ಪ್ರತಿ ಸಲ ಚಿಕ್ಕ ಮೆಸೇಜ್ ಹಾಕುತ್ತಿದ್ದರು. ವಾಯ್ಸ್ ಕಳಿಸುವುದನ್ನು ಬಿಟ್ಟಿದ್ದರು. ಬೇಸಿಗೆಯ ಒಂದು ಬೆಳಿಗ್ಗೆ ಬೆಂಗಳೂರಿನ ಒಬ್ಬ ಸಂಪಾದಕರು ನಮ್ಮಿಬ್ಬರ ಜೊತೆಯೂ ಮಾತಾಡಬೇಕೆಂದರು. ನಾನು ನ್ಯಾಮತಿಯಲ್ಲಿ, ಓಂಕಾರ್ ಜಗಳೂರಿನಲ್ಲಿ, ಮೂವರೂ ಒಂದೇ ಕರೆಯಲ್ಲಿ. ನನ್ನ ಕಡೆಯ ಸದ್ದು ಮ್ಯೂಟ್ ಮಾಡಿ ಕೂತೆ.

“ಬರವಣಿಗೆ ಚೆನ್ನಾಗಿದೆ,” ಅಂದರು ಸಂಪಾದಕರು. “ಆದರೆ ಒಂದು ಅರ್ಥವಾಗಲಿಲ್ಲ. ಆ ಹೆಂಗಸಿಗೆ ಅವನ ಮೇಲೆ ಮನಸ್ಸಿಲ್ಲವಾ? ಯಾಕೆ ಬಾಗಿಲು ತೆಗೆಯೋದಿಲ್ಲ?”

ನನ್ನ ಪರವಾಗಿ ಮಾತಾಡುವುದು ಓಂಕಾರ್ ಕೆಲಸ.

“ಮನಸ್ಸೈತೆ ಸರ್,” ಅಂದರು. “ಅದು ಪುಸ್ತಕದ ಪ್ರತಿ ಪುಟದಾಗೆ ಐತೆ. ಆದ್ರೆ ಬಾಗಿಲು ತೆಗೆಯಾಕೆ ಮೊದ್ಲು ಏಳಬೇಕಲ್ಲ. ಆ ಏಳೋ ಶಕ್ತೀನ ಸತ್ತೋನು ತಗೊಂಡು ಹೋಗ್ಯಾನೆ. ಅವನೇನೂ ಬೇಕಂತ ಒಯ್ದಿದ್ದಲ್ಲ. ಆಕಿದೂ ತಪ್ಪಿಲ್ಲ.”

“ಹೊರಗೆ ನಿಂತವನಿಗೆ ಇದು ಗೊತ್ತಾಗುತ್ತಾ?”

“ಗೊತ್ತಾಗ್ತದೆ ಸರ್.”

“ಹಾಗಾದ್ರೆ ಹೋಗಬಹುದಲ್ಲ ಅವನು? ಯಾಕೆ ನಿಂತಿರ್ತಾನೆ?”

ಓಂಕಾರ್ ಕಡೆಯಿಂದ ಯಾವುದೋ ಲಾರಿ ಹೋದ ಸದ್ದು ಬಂತು.

“ಒಳಗೆ ಆಕಿ ಒಬ್ಬಳೇ ಅದಾಳೆ ಅಂತ.”

ಸಂಪಾದಕರು ಹಾಳೆ ತಿರುವಿದ ಸದ್ದು ಕೇಳಿಸಿತು. ಆಮೇಲೆ, “ಲೇಖಕಿ ಏನಂತೀರಿ? ಇದು ನಿಮ್ಮ ಅಭಿಪ್ರಾಯವೇನಾ, ಇಲ್ಲ ಏಜೆಂಟರದಾ?” ಎಂದು ಕೇಳಿದರು.

ನಾನು ಮ್ಯೂಟ್ ತೆಗೆದೆ.

“ಅವರು ಹೇಳಿದ್ದು ಒಂದೊಂದು ಮಾತೂ ನಿಜ ಸರ್,” ಅಂದೆ. “ಮನಸ್ಸೈತೆ ಅಂದ ಆ ಮೊದಲನೇದೂ.”