ಇಪ್ಪೆ ಮರಕ್ಕಿಟ್ಟ ಕುಂಕುಮ

“ಅಲ್ಲೇ ನಿಂತ್ಕೊಳ್ರೀ! ಕೈ ಆಡಿಸ್ಬೇಡಿ!”

ಗಿಡದ ಬುಡಕ್ಕೆ ಬಗ್ಗಿದ್ದ ಗೌತಮಿ ಕಲ್ಲಾದಳು. ಎದುರಿಗೆ ಮಚ್ಚು ಹಿಡಿದ ಗಂಡಸು... ಸುತ್ತಲೂ ಎದೆಯೆತ್ತರದ ಲಂಟಾನ... ಕೂಗಿದರೆ ಕೇಳುವವರು ಒಬ್ಬರೂ ಇಲ್ಲ!

‘ಅಯ್ಯೋ, ಒಬ್ಬಳೇ ಯಾಕಾದರೂ ಬಂದೆನೋ...’

ಅವನು ಮಚ್ಚಿನ ತುದಿಯಿಂದ ಅವಳ ಬೆರಳ ಪಕ್ಕದ ಟೊಂಗೆಯನ್ನು ಮೆಲ್ಲಗೆ ಸರಿಸಿದ. ತರಗೆಲೆಗಳ ನಡುವೆ ಸುರುಳಿ ಸುತ್ತಿದ್ದ ಕೊಳಕುಮಂಡಲ ಬುಸ್ಸೆಂದಿತು.

“ಈಗ ಹಿಂದಕ್ಕೆ ಬನ್ನಿ. ನಿಧಾನ... ಅವನ ಮನೆ ಇದು, ನುಗ್ಗಿರೋದು ನಾವು.”

ಅದು ಡಿಸೆಂಬರಿನ ಒಂದು ಭಾನುವಾರ. ರಾಮಮೂರ್ತಿ ನಗರದ ಬಾಡಿಗೆ ಮನೆಗಳ ಸಾಲು ಮುಗಿಯುವಲ್ಲಿ, ಹಳೇ ಊರಿನ ಗುಂಡುತೋಪು ಎರಡು ಎಕರೆಯಷ್ಟು ಇನ್ನೂ ಉಳಿದಿದೆ. ಇಪ್ಪೆ, ಹೊಂಗೆ, ನೇರಳೆ... ಎಲ್ಲವನ್ನೂ ಲಂಟಾನ ನುಂಗುತ್ತಿತ್ತು. ಅದನ್ನು ಕೀಳಲು ಜನ ಬೇಕೆಂಬ ಮೆಸೇಜ್ ನೋಡಿ ಬಂದವಳು ಗೌತಮಿ. ಊರು ದಾವಣಗೆರೆ, ಕೆಲಸ ಇಂದಿರಾನಗರದ ಆಫೀಸಿನಲ್ಲಿ. ಎಲ್ಲರಿಗಿಂತ ಮೊದಲೇ ಬಂದು ಹಾವಿನ ಮೇಲೆ ಕೈ ಇಡಲಿದ್ದಳು, ಪುಣ್ಯಾತ್ಗಿತ್ತಿ!

ಮಚ್ಚಿನವನ ಹೆಸರು ಮುನೀಂದ್ರ. ತೋಪನ್ನು ತಲೆತಲಾಂತರದಿಂದ ನೋಡಿಕೊಂಡು ಬಂದ ಮನೆತನದ ಹುಡುಗ. ಮಾತು ಕಮ್ಮಿ.

ಭಾನುವಾರಗಳು ಉರುಳಿದವು. ಲಂಟಾನ ಹಿಂದೆ ಸರಿಯಿತು, ನೆಲದಲ್ಲಿ ಹೊಂಗೆಯ ಸಸಿಗಳು ತಲೆಯೆತ್ತಿದವು. ಫೆಬ್ರವರಿ ಕೊನೆಯ ಒಂದು ಬೆಳಗ್ಗೆ, ತೋಪಿನ ನಡುವಿನ ದೊಡ್ಡ ಇಪ್ಪೆ ಮರದಡಿ ಬಿದ್ದಿದ್ದ ಹೂವೊಂದನ್ನು ಅವನು ಅವಳ ಅಂಗೈಗೆ ಹಾಕಿದ.

“ತಿನ್ನಿ.”

“ಹೂವನ್ನಾ?!”

“ಬೆಲ್ಲ ಕಣ್ರೀ ಅದು. ನಮ್ಮಜ್ಜಿ ಇದನ್ನ ತಿಂದ್ಕೊಂಡೇ ಬೆಳೆದಿದ್ದು.”

ಬಾಯಿ ತುಂಬ ಸಿಹಿ... ಅವಳು ತಲೆಯೆತ್ತಿದಾಗ ಅವನು ಅವಳನ್ನೇ ನೋಡುತ್ತಿದ್ದ. ಆಮೇಲೆ ಯಾವತ್ತು ಭಾನುವಾರ ಬರುತ್ತದೋ ಎಂದು ಸೋಮವಾರದಿಂದಲೇ ಕಾಯತೊಡಗಿದಳು.

ಆದರೆ ಮಾರ್ಚ್ ಮೊದಲ ವಾರ ಅವಳ ಎದೆಯಲ್ಲಿ ಒಂದು ಮುಳ್ಳು ಮುರಿಯಿತು. ಯಾರೋ ಅಪರಿಚಿತ ಟೇಪು ಹಿಡಿದು ಇಪ್ಪೆ ಮರದ ಸುತ್ತ ಅಳೆಯುತ್ತಿದ್ದ. ಪಕ್ಕದಲ್ಲಿ ಮುನೀಂದ್ರ! ತೋಪಿನ ನಡುವೆ ರಸ್ತೆ ಬರುತ್ತದಂತೆ ಎಂದು ಟೀ ಅಂಗಡಿಯವರು ಆಗಲೇ ಆಡಿಕೊಳ್ಳುತ್ತಿದ್ದರು.

‘ಕೇಳಲಾ? ಕೇಳಿದರೆ ಹೌದು ಅಂದುಬಿಟ್ಟರೆ...?’

ಕೇಳಲಿಲ್ಲ. ಮುಂದಿನ ಶನಿವಾರ, ಹೊತ್ತು ಮುಳುಗುವ ಸಮಯಕ್ಕೆ, ಆಫೀಸಿನಿಂದ ಬರುತ್ತಾ ತೋಪಿಗೆ ಕಾಲಿಟ್ಟಳು. ಅಲ್ಲೇ ಮರೆತು ಬಂದಿದ್ದ ಕುಡುಗೋಲು ತರಬೇಕಿತ್ತು, ಅಷ್ಟೇ.

ಇಪ್ಪೆಯ ಹಿಂದೆ ಒಂದು ನೆರಳು. ಅವನೇ. ಕೈಯಲ್ಲಿ ಅದೇ ಮಚ್ಚು. ಯಾರೊಂದಿಗೋ ಮೆಲ್ಲಗೆ ಮಾತಾಡುತ್ತಿದ್ದ... ಆದರೆ ಅಲ್ಲಿ ಯಾರೂ ಇರಲಿಲ್ಲ!

“ನಾಳೆ ಬೆಳಗ್ಗೆ ಕಡೀತೀವಿ. ಇರೋರೆಲ್ಲ ಜಾಗ ಬಿಟ್ಟು ಹೋಗ್ರಪ್ಪಾ. ನಮ್ಮೇಲೆ ಕೋಪ ಬೇಡ...”

ಗೌತಮಿ ಹೊಂಗೆಯೊಂದರ ಮರೆಗೆ ಸರಿದಳು. ಅವನು ಹೋದ ಮೇಲೆ ಮೂರು ಸಲ ಫೋನ್ ಮಾಡಿದಳು. ಸ್ವಿಚ್ ಆಫ್!

ಏನು ಮಾಡೋದು? ಅವಳ ಊರಲ್ಲಿ ಅರಿಶಿನ ಕುಂಕುಮ ಇಟ್ಟ ಮರವನ್ನು ಯಾರೂ ಮುಟ್ಟುವುದಿಲ್ಲ. ಈ ಬೆಂಗಳೂರಲ್ಲೂ ಫುಟ್‌ಪಾತಿನ ಎಷ್ಟೋ ಮರಗಳನ್ನು ಅದೇ ಕಾಯುತ್ತಿದೆಯಲ್ಲ! ಮೂಲೆಯ ಅಂಗಡಿಗೆ ಓಡಿ ಒಂದು ಪೊಟ್ಟಣ ಕುಂಕುಮ, ಕೆಂಪು ದಾರ ತಂದಳು. ಬೆರಳಲ್ಲಿ ಇಪ್ಪೆಯ ಮೈಗೆ ಬಳಿದಳು, ದಾರ ಸುತ್ತಿದಳು.

“ನಿನಗೇನೂ ಆಗಲ್ಲ...” ಅಂದಳು. ಸಮಾಧಾನ ಮರಕ್ಕೋ, ತನಗೋ!

ಭಾನುವಾರ ಆರೂವರೆಗೆ ಅವಳು ತಿರುವಿನಲ್ಲಿದ್ದಾಗಲೇ ಗರಗಸದ ಮೆಷಿನ್ನಿನ ಸದ್ದು ಕೇಳಿಸಿತು.

ಓಡಿದಳು. ಚಪ್ಪಲಿ ಎಲ್ಲಿ ಕಳಚಿತೋ ಗೊತ್ತಾಗಲಿಲ್ಲ. ಶಿವಾಜಿನಗರದಿಂದ ಮರ ಕೊಯ್ಯಲು ಬಂದಿದ್ದ ಅಹ್ಮದ್ ಪಾಷಾ ಬಗ್ಗಿ ನಿಂತಿದ್ದರು. ಮೆಷಿನ್ನು ಇಪ್ಪೆಯ ಮೈಯೊಳಗಿತ್ತು!

“ನಿಲ್ಸೀ...!”

ಅವಳ ಕೂಗು ಸದ್ದಿನಲ್ಲಿ ಕರಗಿಹೋಯಿತು. ಹಿಂದೆ ಮುಂದೆ ನೋಡದೆ ಹೋಗಿ ಮರವನ್ನು ತಬ್ಬಿದಳು. ಪಾಷಾ ಗಾಬರಿಬಿದ್ದು ಮೆಷಿನ್ ಆರಿಸಿದರು.

“ಅರೇ ಬೇಟಿ! ಜೀವ ಬೇಡ್ವಾ ನಿಂಗೆ?”

“ಈ ಮರ... ಈ ಮರ ಯಾಕೆ...?”

“ಕುಂಕುಮ ಇಟ್ಟೈತಲ್ಲಮ್ಮಾ! ಕಡಿಯೋ ಹಿಂದಿನ ದಿನ ಮರಕ್ಕೆ ಹೇಳಿ, ಕುಂಕುಮ ಇಡೋದು ಮುನೀಂದ್ರಣ್ಣನ ಮನೆ ಪದ್ಧತಿ. ಕುಂಕುಮ ನೋಡ್ಕೊಂಡು ಕೊಯ್ಯಿ ಅಂದಿದ್ರು. ಇಪ್ಪೆ ಯಾಕಪ್ಪಾ ಅಂತ ನಂಗೂ ಅನ್ನಿಸ್ತು... ಅವ್ರ ದೇವ್ರ ವಿಷ್ಯ, ನಾನ್ಯಾಕೆ ಕೇಳ್ಲಿ? ರೋಜಾ ಉಪವಾಸ ಬೇರೆ ಇದೀನಿ, ಬಿಸಿಲೇರೋ ಮುಂಚೆ ಮುಗಿಸೋಣ ಅಂತ ಶುರು ಮಾಡ್ದೆ.”

ಆಗ ಗೌತಮಿಯ ಕಣ್ಣಿಗೆ ಬಿತ್ತು. ಇಪ್ಪೆಯ ಹಿಂದಿದ್ದ ಸುಬಾಬುಲ್ ಮರಗಳ ಮೇಲೆಲ್ಲ ಒಂದೊಂದು ಪುಟ್ಟ ಕೆಂಪು ಬೊಟ್ಟು...

ಅಷ್ಟರಲ್ಲಿ ಸ್ಕೂಟರ್ ಬಂದು ನಿಂತಿತು. ಪೂಜೆಗೆಂದು ಅಜ್ಜಿ ಮಾರಕ್ಕನನ್ನು ಕರೆತಂದಿದ್ದ ಮುನೀಂದ್ರ ಇಪ್ಪೆಯ ಗಾಯ ನೋಡಿದ.

“ಇದಕ್ಕೆ ಕುಂಕುಮ ಇಟ್ಟೋರ್ ಯಾರು?”

ಸುಮ್ಮನಿದ್ದುಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ... ಗೌತಮಿ ತನ್ನ ಉಗುರಿನ ಸಂದಿಯಲ್ಲಿ ಉಳಿದಿದ್ದ ಕೆಂಪನ್ನು ನೋಡಿದಳು.

“ನಾನು,” ಅಂದಳು. “ನೀವು ನಿನ್ನೆ ಹೇಳಿದ್ದು ಕೇಳಿಸ್ತು. ಈ ಮರಾನೇ ಕಡೀತೀರಿ ಅನ್ಕೊಂಡೆ. ಟೇಪಿನವನು ಬೇರೆ ಬಂದಿದ್ನಲ್ರೀ...”

“ಅವ್ನು ಬೇಲಿ ಹಾಕೋನು, ರಸ್ತೆಯೋನಲ್ಲ. ಹಸು ತಿಕ್ಕಿ ತಿಕ್ಕಿ ತೊಗಟೆ ಕೀಳ್ತಾವೆ ಅಂತ ಕರ್ಸಿದ್ದೆ.” ಅವನ ದನಿ ಮೆತ್ತಗಿತ್ತು, ಅದೇ ಹೆಚ್ಚು ಹೆದರಿಸಿತು. “ನಾನು ಹೇಳ್ತಿದ್ದಿದ್ದು ಸುಬಾಬುಲ್ಲಿಗೆ. ಬೇರೆ ಗಿಡ ಏಳೋಕೆ ಬಿಡಲ್ಲ ಅದು. ಆದ್ರೂ ಅದ್ರಲ್ಲೂ ಹಕ್ಕಿ ಇರ್ತಾವೆ. ಹೇಳ್ದೆ ಕಡಿಯಲ್ಲ ನಾವು... ಒಂದ್ ಮಾತು ಕೇಳ್ಬೋದಿತ್ತಲ್ವಾ?”

“ಭಯ ಆಯ್ತು.”

“ನನ್ನ ಕಂಡ್ರಾ?”

ಅವಳಿಂದ ಇಲ್ಲ ಅನ್ನಲಾಗಲಿಲ್ಲ. ಅವನು ಮುಖ ತಿರುಗಿಸಿದ.

ಮಾರಕ್ಕ ಮಾತ್ರ ಗಾಯದೊಳಗೆ ಬೆರಳು ತೂರಿ ನೋಡುತ್ತಿದ್ದಳು. ತೊಗಟೆಯಿಂದ ಬಿಳಿ ಹಾಲು ಸುರಿಯುತ್ತಿತ್ತು.

“ನಾಕ್ ಬೆರಳು ಒಳಕ್ ಹೋಗೈತೆ. ಸಗಣಿ, ಕೆಮ್ಮಣ್ಣು ಕಲ್ಸಿ ಮೆತ್ತಿ, ಒದ್ದೆ ಗೋಣಿ ಕಟ್ರಿ. ಏಯ್ ಹುಡ್ಗೀ, ಗಾಯ ನಿನ್ ಕೈಲಾಗೈತೆ. ಚಿಗುರೋಗಂಟ ದಿನಾ ನೀನೇ ಬಂದು ಗೋಣಿ ನೆನೆಸ್ಬೇಕು!”

“ಬದುಕುತ್ತಾ ಅಜ್ಜೀ?”

“ನಂಗೇನ್ ಗೊತ್ತು? ಅದ್ನೇ ಕೇಳು.”

ದಿನಾ ಸಂಜೆ ಅವಳು ಬಂದಳು. ಮುನೀಂದ್ರ ಬೆಳಗ್ಗೆಯೇ ಬಂದು ಹೋಗಿರುತ್ತಿದ್ದ. ಫೋನಿಲ್ಲ, ಮಾತಿಲ್ಲ. ಆದರೆ ಮರದ ಬುಡದಲ್ಲಿ ಒಂದು ಕೊಡ ನೀರು ಮಾತ್ರ ದಿನವೂ ತುಂಬಿರುತ್ತಿತ್ತು.

ಏಪ್ರಿಲ್ ಬಂತು. ಎಲೆ ಉದುರಿಸಿದ್ದ ಉಳಿದ ಇಪ್ಪೆಗಳೆಲ್ಲ ತಾಮ್ರದ ಬಣ್ಣದ ಚಿಗುರು ಹೊದ್ದವು. ಇದೊಂದು ಬೋಳು... ಗಾಳಿ ಬೀಸಿದಾಗ ಒಣ ರೆಂಬೆಗಳು ಕಟಕಟ ಎನ್ನುತ್ತಿದ್ದವು.

‘ನಾನೇ ಕೊಂದೆ. ಮರವನ್ನೂ... ಅವನ ಮನಸ್ಸನ್ನೂ...’

ಒಂದು ಸಂಜೆ ಬಂದರೆ ಕೊಡ ಖಾಲಿ! ‘ಅವನೂ ಕೈಬಿಟ್ಟನಾ...?’

“ನೀರು ನಾನು ಹಾಕ್ದೆ.”

ಮರದ ಆಚೆ ಬದಿಯಿಂದ ಮುನೀಂದ್ರ ಎದ್ದು ಬಂದ. ಬೆರಳೆತ್ತಿ ತೋರಿಸಿದ. ಗಾಯದ ನೇರಕ್ಕಿದ್ದ ರೆಂಬೆಯ ತುದಿಯಲ್ಲಿ, ಎಳೆಮಗುವಿನ ಬೆರಳಿನಂಥ ಕೆಂಪು ಚಿಗುರು!

ಗೌತಮಿ ಕುಸಿದು ಕೂತು ಅತ್ತುಬಿಟ್ಟಳು. ಅವನು ಒಂದಿಷ್ಟು ದೂರದಲ್ಲಿ ಕೂತ.

“ನಿಮ್ಮನ್ನ ನಂಬಬೇಕಿತ್ತು ನಾನು...”

“ನಾನೂ ಹೇಳ್ಬೇಕಿತ್ತು. ಬಾಯಿ ಬಿಡದೇ ಇರೋದೇ ನನ್ ರೋಗ.” ಅವನು ಹುಲ್ಲಿನ ಎಸಳು ಕೀಳುತ್ತಾ ಅಂದ. “ಈ ಒಂದ್ ತಿಂಗ್ಳು ನಾನೂ ಹೆದ್ರಿದ್ದೆ ಕಣ್ರೀ. ಮರ ಸತ್ರೆ ನೀವು ಬರೋದೇ ನಿಲ್ಲಿಸ್ತೀರಿ ಅಂತ.”

ಅವಳು ಅವನತ್ತ ತಿರುಗಿದಳು.

“ಆ ಕುಂಕುಮದ ಪೊಟ್ಟಣ... ಉಳಿದಿದ್ಯಾ?”

“ಬ್ಯಾಗಲ್ಲೇ ಇದೆ. ಯಾಕೆ... ಯಾವ ಮರ ಕಡೀಬೇಕು?”

“ಮರಕ್ಕಲ್ಲ.” ಅವನ ಕಿವಿ ಕೆಂಪಾಯಿತು. “ನಿಮ್ ಹಣೆಗೆ.”

ಅಳುವಿನ ನಡುವೆಯೇ ಅವಳಿಗೆ ನಗು ಬಂತು. “ಭಯ ಆಗುತ್ತಪ್ಪಾ! ನಿಮ್ಮನೇಲಿ ಕುಂಕುಮ ಇಟ್ಟೋರನ್ನ ಕಡೀತಾರಲ್ರೀ!”

ಅವನು ಜೋರಾಗಿ ನಕ್ಕ. ಆಮೇಲೆ ಹತ್ತಿರ ಸರಿದು ಗೋಣಿಯ ಮೇಲೆ ಕೈಯಿಟ್ಟು, ಮರಕ್ಕೆ ಹೇಳಿದ್ದನಲ್ಲ, ಅದೇ ಮೆಲ್ಲಗಿನ ದನಿಯಲ್ಲಿ ಅಂದ.

“ಇದುವರ್ಗೂ ಎಲ್ರಿಗೂ ಜಾಗ ಬಿಟ್ಟು ಹೋಗಿ ಅಂತಾನೇ ಹೇಳಿರೋದು ನಾನು. ನಿಂಗೆ ಮಾತ್ರ ಹಾಗನ್ನಲ್ಲ... ಬಿಟ್ಟು ಹೋಗ್ಬೇಡ, ಗೌತಮಿ.”

“ಹೋಗಲ್ಲ,” ಅಂದಳು ಅವಳು, ಒದ್ದೆ ಗೋಣಿಯ ಮೇಲೆ ಅವನ ಕೈ ಪಕ್ಕದಲ್ಲೇ ಕೈಯಿಟ್ಟು. “ಆದ್ರೆ ನಾಳೆಯಿಂದ ಕೊಡ ಇಬ್ರೂ ಸೇರಿ ಹೊರ್ಬೇಕು.”